ಲಾಮ್ ಕೆಳಗಿನ ಚುಕ್ಕೆ

ಬೀದರಿನ ಚೌಬಾರಾ ಹಿಂದಿನ ಓಣಿಯಲ್ಲಿ
ಎರಡು ಕೋಣೆ, ಮೂರು ಕಬ್ಬಿಣದ ಕಪಾಟು, ಒಂದು ಟೇಬಲ್ ಫ್ಯಾನು:
ಇಷ್ಟೇ ನಮ್ಮ ದಾಖಲೆಮನೆ.
ಹೆಂಗಸರ ಕಾಗದವಿದ್ದರೆ ಕೊಡಿ ಎಂದು
ಭಾಲ್ಕಿ, ಔರಾದ, ಹುಮನಾಬಾದ ತಿರುಗಿದ್ದೇನೆ.
‘ಹೆಂಗಸರದೇನು ಕಾಗದ ಇರ್ತದ್ರಿ?’ ಎಂದು
ಗಂಡಸರು ಪಹಣಿ ತೋರಿಸಿದ್ದಾರೆ.
ಹೆಂಗಸರು ಅಡಿಗೆಮನೆಯ ಬಾಗಿಲ ತನಕ ಬಂದು
ಏನೋ ಅನ್ನಲು ಹೋಗಿ
ಚಹಾ ಕೊಟ್ಟಿದ್ದಾರೆ.

ಕಟ್ಟು ನಂಬರ್ ೧೧೨.
ಕೊಟ್ಟವರು: ಸುವರ್ಣಕಲಾ, ಹಳ್ಳಿಖೇಡ.
ಹಿಟ್ಟಿನ ಡಬ್ಬಿಯೊಳಗೆ, ಪುಡಿಯಾದ ಬೇವಿನೆಲೆಯ ನಡುವೆ
ಹೊಲಿಗೆ ಹಾಕಿದ ಒಂದು ವಹಿ.
‘ನಮ್ಮ ಮಾವನವರ ಅಪ್ಪಂದು. ಲೆಕ್ಕ ಬರೀತಿದ್ರಂತ.’
ನನಗೆ ಆ ಲಿಪಿ ಬಾರದು.
ಬರೆದುಕೊಂಡೆ: ಭಾಷೆ ಉರ್ದು. ವಿಷಯ ಲೆಕ್ಕ.
ಬರೆದವರು ಮನೆಯ ಯಜಮಾನರು.
ಆರು ವರ್ಷ ಅದು ಹಾಗೇ ಇತ್ತು,
ನನ್ನದೇ ಅಕ್ಷರದಲ್ಲಿ, ನನ್ನದೇ ಸಹಿಯೊಂದಿಗೆ.

ನಿವೃತ್ತಿಯ ಮೇಲೆ ನಜ್ಮುನ್ನಿಸಾ ಟೀಚರ್
ಬುಧವಾರಕ್ಕೊಮ್ಮೆ ಬಂದು ಉರ್ದು ಕಾಗದ ಓದಿಕೊಡುತ್ತಾರೆ.
ಕನ್ನಡಕ ಒರೆಸಿ, ವಹಿಯನ್ನು
ನಾನು ಕೊನೆಯೆಂದುಕೊಂಡಿದ್ದ ಪುಟದಿಂದ ತೆರೆದು
ಮೊದಲ ಸಾಲಿಗೇ ನಿಂತರು.
ಮತ್ತೆ ಓದಿದರು. ತುಟಿ ಅಲುಗಿತು. ನಕ್ಕರು.
‘ಇದು ಉರ್ದು ಅಲ್ರೀ ಬಾಯಿ, ಇದು ನಿಮ್ಮ ಮಾತು ಅದ.’

ಬಲದಿಂದ ಎಡಕ್ಕೆ ಬೆರಳು ಸರಿಯಿತು,
ಬೆರಳಿನ ಹಿಂದೆ ಕನ್ನಡ ಬಂತು:
‘ಜೋಳ ಎರಡು ಪಾಯಲಿ. ಎಣ್ಣಿ ತೀರ್ಯಾದ.
ಕರಿ ಆಕಳ ಗಬ್ಬ ಅದ.
ಅತ್ತಿ ಇವತ್ತೂ ಮಾತಾಡಲಿಲ್ಲ.
ಹಾಲಿ ರೂಪಾಯಿ ಒಂದು ಮುಚ್ಚಿಟ್ಟೀನಿ,
ಎಲ್ಲಿ ಅಂತ ಇಲ್ಲಿ ಬರಿಯಲ್ಲ.’

ನಿಜಾಮರ ಕಾಲದ ಸಾಲೆ, ನಾಲ್ಕು ವರ್ಷ.
ಕಲಿತದ್ದು ಅದೊಂದು ಲಿಪಿ, ಆಡಿದ್ದು ಇದೊಂದು ಮಾತು.
ಎರಡನ್ನೂ ಕೂಡಿಸಿ ತಾನೇ ಹೊಲಿದುಕೊಂಡಿದ್ದಾಳೆ,
ದಾರಕ್ಕೆಂದು ಯಾರ ಮನೆಗೂ ಹೋಗದೆ.
ಹೆಸರು ಸಿಕ್ಕಿದ್ದು ಹದಿಮೂರನೇ ಪುಟದಲ್ಲಿ,
ಅದೂ ಒಂದು ಬೈಗುಳದ ನಡುವೆ:
ನೀಲಾಬಾಯಿ, ನಿನ್ನ ಕೈಗೆ ಬೆಂಕಿ ಬೀಳಲಿ.

‘ಇಲ್ಲಿ ನೋಡ್ರಿ.’ ಟೀಚರ್
ಪೆನ್ಸಿಲ್ ತುದಿ ತೋರಿಸಿದರು, ತಾಗಿಸದೆ.
‘ನಮ್ಮಲ್ಲಿ ನಿಮ್ಮ ಳ ಇಲ್ಲ. ಲಾಮ್ ಒಂದೇ.
ಈಕಿ ಲಾಮಿನ ಬುಡಕ್ಕ ಒಂದು ಚುಕ್ಕಿ ಇಟ್ಟಾಳ.
ಯಾವ ಮೌಲವಿನೂ ಕಲಿಸಿದ್ದಲ್ಲ ಇದು.’

ಳ ಇಲ್ಲದೆ ಜೋಳವಿಲ್ಲ, ಬಳೆಯಿಲ್ಲ.
ಮಳೆ ಎಂದು ಬರೆಯದೆಯೂ ತೋಯಬಹುದು.
ಆದರೆ ಬಂದಳು, ಅತ್ತಳು, ಹೋದಳು?
ಅವಳು ಎಂದು ಒಮ್ಮೆ ಬರೆಯಬೇಕೆಂದರೂ
ಅವಳಿಗೆ ಒಂದು ಅಕ್ಷರ ಕಡಿಮೆ ಬಿದ್ದಿತ್ತು.

ನಲವತ್ತೊಂದನೇ ಪುಟ. ಫಸಲಿ ೧೩೫೭, ಆಬಾನ್.
ಟೀಚರ್ ದನಿ ತೆಗೆಯಲಿಲ್ಲ.
ಕಣ್ಣು ಬಲದಿಂದ ಎಡಕ್ಕೆ, ಮತ್ತೆ ಬಲದಿಂದ ಎಡಕ್ಕೆ
ಕೊನೆಯ ಸಾಲಿನ ತನಕ ಇಳಿಯಿತು.
ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.
‘ಮಸಿ ಹರಡ್ಯಾದ. ಓದಲಿಕ್ಕೆ ಬರಲ್ಲ.’

ಮಸಿ ಹರಡಿರಲಿಲ್ಲ.
ನಾನು ಕೇಳಲಿಲ್ಲ. ಫ್ಯಾನು ತಿರುಗುತ್ತಿತ್ತು,
ಪುಟದ ಮೇಲೆ ಅವರು ಅಂಗೈ ಇಟ್ಟುಕೊಂಡಿದ್ದರು,
ಹಾರದಿರಲಿ ಎಂದು.

ಸಂಜೆ ಹಳೆಯ ಕಾರ್ಡಿಗೆ ಗೆರೆ ಎಳೆದೆ.
ಹರಿಯಲಿಲ್ಲ. ನನ್ನ ತಪ್ಪೂ ಕಪಾಟಿನಲ್ಲಿರಲಿ.
ಹೊಸ ಕಾರ್ಡು: ಭಾಷೆ ಕನ್ನಡ.
ಲಿಪಿ ಉರ್ದು, ಒಂದು ಅಕ್ಷರ ಸ್ವಂತದ್ದು.
ಬರೆದವರು ನೀಲಾಬಾಯಿ.
ಪುಟ ೪೧: ಈವರೆಗೆ ಓದಿದವರು ಒಬ್ಬರು.

ದೀಪ ಆರಿಸುವ ಮುಂಚೆ ಆ ಪುಟ ತೆರೆದೆ.
ನನಗೆ ಈಗ ಬರುವುದು ಒಂದೇ ಅಕ್ಷರ.
ಬೆರಳು ತಾಗಿಸದೆ ಎಣಿಸಿದೆ,
ಚುಕ್ಕೆಯಿರುವ ಲಾಮ್, ಚುಕ್ಕೆಯಿರುವ ಲಾಮ್:
ಇಪ್ಪತ್ತಾರು.
ಜೋಳವೂ ಇರಬಹುದು ಅದರಲ್ಲಿ,
ಮಳೆಯೂ.